ಹಿರಿಯರ ಪದ್ಧತಿ ಇಂದಿನ ಬರಕ್ಕೆ ಉತ್ತರ ಆಗುತ್ತಾ?

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಮ್ಯಾಸಬೇಡ ಬುಡಕಟ್ಟಿನ ಹಟ್ಟಿ. 9 ಎಕರೆ ಮಸಾರಿ (ಕೆಂಪು ಮಣ್ಣಿನ) ಜಮೀನಿದೆ. ಮೂರು ಬೋರ್ ಕೊರೆಸಿದೆವು, ಒಂದರಲ್ಲಿ ಮಾತ್ರ ಸ್ವಲ್ಪ ನೀರು ಬರುತ್ತಿದೆ. ಶೇಂಗಾ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈ ಕೊಡುತ್ತದೆ. ಮೊನ್ನೆ ಒಂದು ಸಂಸ್ಥೆಯವರು ಬಂದು, "ಹವಾಮಾನ ಬದಲಾವಣೆಗೆ ನಿಮ್ಮ ಬುಡಕಟ್ಟಿನ ಹಿರಿಯರ ಪದ್ಧತಿಯಲ್ಲೇ ಉತ್ತರ ಇದೆ" ಅಂದರು. ನಮ್ಮಪ್ಪ ನಕ್ಕುಬಿಟ್ಟರು. "ಉತ್ತರ ಇದ್ದಿದ್ರೆ ನಾವ್ಯಾಕೆ ಬೋರ್ ಕೊರೆಸ್ತಿದ್ವಿ?" ಅಂದರು. ಇವರಲ್ಲಿ ಯಾರ ಮಾತು ಸರಿ? ಜೊತೆಗೆ, ಊರಿನ ಗೋಮಾಳದಲ್ಲಿ ಗಿಡ ನೆಡಿಸೋಕೆ ಪಂಚಾಯ್ತಿಯವರು ಹೊರಟಿದ್ದಾರೆ. ಒಪ್ಪಬಹುದಾ? ನಾಲ್ಕನೇ ಬೋರ್ ಕೊರೆಸಬೇಕಾ ಬೇಡವಾ ಅಂತಲೂ ಹೇಳಿ.

ಉತ್ತರ: ನಿಮ್ಮಪ್ಪನ ನಗುವಿನಲ್ಲಿ ನ್ಯಾಯ ಇದೆ. ಧಾತು ಮತ್ತು ಈಶ್ವರ ಸಂವತ್ಸರಗಳ ಬರದ ಮಾತು ನಿಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇರಬಹುದು. ಅದು 1876–78ರ ಬರ. ಆಗ ದನ ಮೇಯಲು ಕಾದಿಟ್ಟ ಹುಲ್ಲುಗಾವಲುಗಳು, ಅಂದರೆ ಕಾವಲುಗಳಿದ್ದವು, ಕೆರೆಗಳಿದ್ದವು, ನೆಲದೊಳಗಿನ ಹಗೇವು ತುಂಬ ಕಾಳಿಡುವ ಅಭ್ಯಾಸವೂ ಇತ್ತು. ಅಷ್ಟಿದ್ದೂ ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆದ್ದರಿಂದ "ಹಿರಿಯರ ಹಾಗೆ ಬದುಕಿದರೆ ಸಾಕು, ಬರ ಏನೂ ಮಾಡಲ್ಲ" ಅನ್ನುವವರ ಮಾತಿಗೆ ನಾನು ತಲೆಯಾಡಿಸಲಾರೆ.

ಹಾಗಂತ ಸಂಸ್ಥೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅವರು ಬಹುಶಃ ಸಿರಿಧಾನ್ಯ, ಬದು, ಕೆರೆ ಇಂಥವನ್ನು ಹೇಳಿರುತ್ತಾರೆ. ಅವೆಲ್ಲ ಬೇಕು. ಆದರೆ ಹಿರಿಯರು ಬಿಟ್ಟುಹೋದದ್ದರಲ್ಲಿ ಅದಕ್ಕಿಂತ ಬೆಲೆಬಾಳುವುದು ಇನ್ನೊಂದಿದೆ. ಅದು ಕಟ್ಟುಪಾಡು. ಯಾವುದನ್ನು ಯಾವಾಗ ಮುಟ್ಟಬಾರದು, ಅದನ್ನು ಯಾರು ಕಾಯಬೇಕು, ಕಾಯುವವನ ಹೊಟ್ಟೆಗೆ ಯಾರು ಹಾಕಬೇಕು ಅನ್ನುವ ಕಟ್ಟುಪಾಡು. ಈ ಮೂರೂ ಇದ್ದ ಕಡೆ ಹುಲ್ಲು ಉಳಿಯಿತು, ನೀರೂ ಉಳಿಯಿತು. ಕಟ್ಟುಪಾಡು ಹೋಗಿ ಬರೀ ಕಟ್ಟೆ ಉಳಿದ ಕಡೆ ಇವತ್ತು ಬಳ್ಳಾರಿ ಜಾಲಿ ಬೆಳೆದಿದೆ.

ಇದನ್ನು ನೋಡೋಕೆ ನೀವು ದೂರ ಹೋಗಬೇಕಿಲ್ಲ. ನಿಮ್ಮ ಹಟ್ಟಿಯಲ್ಲಿ ಅಥವಾ ಪಕ್ಕದ ಹಟ್ಟಿಯಲ್ಲಿ ದೇವರ ಎತ್ತುಗಳು ಇದ್ದೇ ಇರುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು, ಕೂಡ್ಲಿಗಿ ಕಡೆ ಇವು ಹಿಂಡುಗಟ್ಟಲೆ ಇವೆ. ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಹಸುವಿನ ಹಾಲು ಕರುವಿನ ಪಾಲು. ಇವನ್ನು ಕಾಯುವ ಕಿಲಾರಿ ಹಿಂಡಿನ ಜೊತೆಗೇ ಬಾಳುತ್ತಾನೆ, ದನ ಕೂಡುವ ರೊಪ್ಪದ ಪಕ್ಕದಲ್ಲೇ ಮಲಗುತ್ತಾನೆ. ಅವನ ಊಟ ಬಟ್ಟೆ ಆ ಹಿಂಡಿನ ಪೆಟ್ಟಿಗೆ ದೇವರ (ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ಕುಲದೇವರ) ಒಕ್ಕಲಿನವರ ಹೊಣೆ. ಬೇಸಿಗೆಯಲ್ಲಿ ಮೇವು ಕಡಿಮೆಯಾದರೆ ಒಬ್ಬೊಬ್ಬರ ಮನೆಯಿಂದ ಶೇಂಗಾ ಹೊಟ್ಟು, ಜೋಳದ ಸೊಪ್ಪೆ ಬರುತ್ತದೆ. ಹೊರಗಿನವರಿಗೆ ಇದು ಬರೀ ಭಕ್ತಿಯಾಗಿ ಕಾಣುತ್ತದೆ. ಬೇಸಾಯದ ಕಣ್ಣಿನಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಎಂಥ ಬರದಲ್ಲೂ ಮಾರದೆ ಉಳಿಸಿಕೊಂಡ ನಾಟಿ ತಳಿಯ ಹಿಂಡು ಇದೊಂದೇ. ಮನೆಯ ಎತ್ತನ್ನು ಬರಗಾಲದಲ್ಲಿ ಎಲ್ಲರೂ ಸಂತೆಗೆ ಹೊಡೆಯುತ್ತಾರೆ, ದೇವರ ಎತ್ತನ್ನು ಹೊಡೆಯುವಂತಿಲ್ಲ. ಮಳೆ ಬಂದ ವರ್ಷ ತಳಿ ಊರಲ್ಲೇ ಇರುತ್ತದೆ. ಇಡೀ ಹಟ್ಟಿ ಸೇರಿ ಮೇವು ಹೊಂದಿಸುವ ಅಭ್ಯಾಸವೂ ತಪ್ಪುವುದಿಲ್ಲ. ಸರ್ಕಾರದ ಗೋಶಾಲೆ ಬರ ಘೋಷಣೆಯಾದ ಮೇಲೆ ತೆರೆಯುತ್ತದೆ. ನಿಮ್ಮ ಕಟ್ಟೆಮನೆಯ (ಕುಲಪಂಚಾಯ್ತಿಯ) ಯಜಮಾನರು ಅಷ್ಟು ದಿನ ಕಾಯುವುದಿಲ್ಲ ಅಲ್ವಾ?

ಈಗಿನ ತೊಂದರೆ ಏನೆಂದರೆ ಹಿಂಡು ಇದೆ, ಕಿಲಾರಿಯೂ ಇದ್ದಾನೆ, ಹುಲ್ಲುಗಾವಲು ಇಲ್ಲ. ನಿಮ್ಮ ಗೋಮಾಳದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದಕ್ಕೆ ಮೊದಲು ಕಾವಲಿನ ವಿಚಾರ ಸ್ವಲ್ಪ ಹೇಳಬೇಕು.

ಮೈಸೂರು ಅರಸರ ಕಾಲದಿಂದ ನಮ್ಮ ಸೀಮೆಯಲ್ಲಿ ಕಾವಲುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿದ್ದ ಇಲಾಖೆಗೆ ಅಮೃತ್ ಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಆ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸುವ ಸಂಗತಿ ಒಂದಿದೆ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಅಂತ ವಿಂಗಡಿಸಿದ್ದರು. ನೆರಳು ನೀರು ಇರುವ ಕಾವಲು ಬೇಸಿಗೆಗೆ. ಮಳೆ ಬಂದಾಗ ಮಾತ್ರ ಹಸಿರಾಗುವ ದಿಣ್ಣೆ ಮಳೆಗಾಲಕ್ಕೆ. ಹಿಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹೋದ ಮೇಲೆ ಹಿಂದಿನ ಕಾವಲಿನ ಹುಲ್ಲು ತೆನೆ ಕಟ್ಟಿ ಬೀಜ ಉದುರಿಸೋಕೆ ಸಮಯ ಸಿಗುತ್ತಿತ್ತು. ಹುಲ್ಲು ಉಳಿಯುವುದು ಈ ಒಂದು ಬಿಡುವಿನಿಂದ. ಮುಂಗಾರಿನ ಮೊದಲ ಚಿಗುರನ್ನೇ ದನ ಕುರಿ ಬುಡದ ತನಕ ಮೇದರೆ ಬೇರಿಗೆ ಶಕ್ತಿ ಹೋಗುವುದಿಲ್ಲ. ಎರಡು ಮೂರು ವರ್ಷ ಹೀಗಾದರೆ ಒಳ್ಳೆಯ ಕರಡ ಹುಲ್ಲು ಹೋಗಿ ದನ ಮೂಸಿಯೂ ನೋಡದ ಕಳೆ, ತಂಗಡಿ ಗಿಡ, ಬಂದ್ರೆ ಗಿಡ ಉಳಿಯುತ್ತವೆ.

ಒಂದು ಕಾಲಕ್ಕೆ ರಾಜ್ಯದಲ್ಲಿ ಲಕ್ಷಗಟ್ಟಲೆ ಎಕರೆ ಇದ್ದ ಕಾವಲು ಈಗ ಚೂರುಪಾರಾಗಿದೆ. ನಿಮ್ಮ ತಾಲ್ಲೂಕಿನ ಕಥೆ ನಿಮಗೇ ಗೊತ್ತು. 2009ರ ಆಚೀಚೆ ಕುದಾಪುರ, ಉಳ್ಳಾರ್ತಿ ಕಡೆಯ ಕಾವಲಿನಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಅದರಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಯದು. ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಆ ಸಂಸ್ಥೆಗಳು ಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ. ನನ್ನ ತಕರಾರು ಒಂದೇ: ಕಾಗದದಲ್ಲಿ ಆ ಜಾಗ ಯಾರೂ ಬಳಸದ ಖಾಲಿ ಭೂಮಿಯ ಹಾಗೆ ಕಂಡಿತು. ಸುತ್ತಲಿನ ಹಳ್ಳಿಗಳ ಕುರಿ, ದನ, ದೇವರ ಎತ್ತುಗಳೆಲ್ಲ ಮೇಯುತ್ತಿದ್ದದ್ದು ಅಲ್ಲೇ. ಕೃಷ್ಣಮೃಗ ಇದ್ದದ್ದೂ ಅಲ್ಲೇ.

ಇನ್ನು ಗಿಡ ನೆಡುವ ಪ್ರಶ್ನೆ. ಗೋಮಾಳ ಪೂರ್ತಿ ಗುಂಡಿ ತೋಡಿ ನೆಡುವುದಾದರೆ ನಾನು ಬೇಡ ಅನ್ನುತ್ತೇನೆ. ಹಸಿರು ಮಾಡುತ್ತೇವೆ ಅಂದವರಿಗೆ ಬೇಡ ಅನ್ನೋದು ಕಷ್ಟ, ಗೊತ್ತು. ಆದರೆ ವರ್ಷಕ್ಕೆ ಸರಾಸರಿ 500 ಮಿ.ಮೀ. ಒಳಗೆ ಮಳೆ ಬೀಳುವ, ಮೇಲ್ಮಣ್ಣು ಒಂದು ಗೇಣು ಮಾತ್ರ ಇರುವ ದಿಣ್ಣೆಯಲ್ಲಿ ದಟ್ಟ ತೋಪು ಬದುಕುವುದಿಲ್ಲ. ನೀಲಗಿರಿಯಂಥದ್ದು ಬದುಕಿದರೆ ಹುಲ್ಲಿಗೆ ಉಳಿಗಾಲವಿಲ್ಲ. ಇನ್ನೊಂದು ವಿಷಯವನ್ನು ಪಂಚಾಯ್ತಿಯವರಿಗೆ ಬಿಡಿಸಿ ಹೇಳಿ. ಮರದಲ್ಲಿ ಇಂಗಾಲ ಹೆಚ್ಚಾಗಿ ನೆಲದ ಮೇಲೆ ಇರುತ್ತದೆ, ಹುಲ್ಲುಗಾವಲಿನಲ್ಲಿ ನೆಲದ ಒಳಗೆ, ಬೇರಿನಲ್ಲಿ ಮತ್ತು ಮಣ್ಣಿನಲ್ಲಿ ಇರುತ್ತದೆ. ಬೆಂಕಿ ಬಿದ್ದರೂ ಬರ ಬಂದರೂ ಅದು ಅಲ್ಲೇ ಕೂತಿರುತ್ತದೆ. ಜೆಸಿಬಿಯಲ್ಲಿ ನೆಲ ಬಗೆದರೆ ಇಷ್ಟು ವರ್ಷ ಕೂಡಿದ್ದನ್ನು ನಾವೇ ಗಾಳಿಗೆ ಬಿಟ್ಟ ಹಾಗೆ. ಹವಾಮಾನದ ಹೆಸರಲ್ಲಿ ಹವಾಮಾನಕ್ಕೇ ಕೆಟ್ಟದ್ದು ಮಾಡುವ ಕೆಲಸ ಇದು.

ಬೇಡ ಅಂದು ಸುಮ್ನೆ ಕೂರಬೇಡಿ, ಬದಲಿ ಯೋಜನೆ ಇಡಿ. ಗೋಮಾಳದ ಅಂಚಿಗೆ, ಹಳ್ಳದ ದಂಡೆಗೆ, ದನ ನೀರು ಕುಡಿಯುವ ಗೋಕಟ್ಟೆಯ ಏರಿಯ ಹೊರಮೈಗೆ ಹೊಂಗೆ, ಬೇವು, ಬನ್ನಿ, ಕಮರ ನೆಡಲಿ. ಕಮರ ನಮ್ಮ ಸೀಮೆಯದೇ ಮರ, ಕಲ್ಲುನೆಲದಲ್ಲೂ ಬೇರು ಬಿಡುತ್ತದೆ, ಸೊಪ್ಪು ಮೇವಿಗೂ ಆಗುತ್ತದೆ. ನಡುವಿನ ಜಾಗದಲ್ಲಿ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಿಸಲಿ. ಬರೀ ಬುಡ ಕಡಿದರೆ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಆಮೇಲೆ ಗೋಮಾಳವನ್ನು ಮೂರು ಪಾಲು ಮಾಡಿ. ಒಂದು ಪಾಲನ್ನು ಮುಂಗಾರಿನಿಂದ ದೀಪಾವಳಿ ತನಕ ಮುಚ್ಚಿ, ವರ್ಷಕ್ಕೊಂದು ಪಾಲಿನಂತೆ ಸರದಿ ಬರಲಿ. ಬೇಲಿಗೆ ದುಡ್ಡು ಹಾಕಬೇಡಿ, ಕಾಯುವವನಿಗೆ ಹಾಕಿ. ತಂತಿಯನ್ನು ರಾತ್ರಿ ಬೆಳಗಾಗುವುದರೊಳಗೆ ಕಿತ್ತುಕೊಂಡು ಹೋಗುತ್ತಾರೆ. ಊರು ಒಪ್ಪಿ ಕೂರಿಸಿದ ಕಾವಲುಗಾರನ ಮಾತು ಮೀರೋದು ಅಷ್ಟು ಸುಲಭ ಅಲ್ಲ.

ಇಲ್ಲೊಂದು ಎಚ್ಚರಿಕೆ. ಮುಚ್ಚುವ ತೀರ್ಮಾನವನ್ನು ನಿಮ್ಮ ಹಟ್ಟಿಯವರಷ್ಟೇ ಕೂತು ಮಾಡಬೇಡಿ. ಗೊಲ್ಲರಹಟ್ಟಿಯ ಕುರಿ, ಕುರುಬರ ಮಂದೆ, ವಲಸೆ ಬರುವ ಮಂದೆ ಎಲ್ಲಕ್ಕೂ ಆ ಹುಲ್ಲಿನ ಮೇಲೆ ದಾರಿ ಇರುತ್ತದೆ. ಅವರನ್ನು ಬಿಟ್ಟು ಮಾಡಿದ ಕಟ್ಟುಪಾಡು ಮೊದಲ ಜಗಳಕ್ಕೇ ಮುರಿಯುತ್ತದೆ. ಅವರು ನಿಮಗೂ ಬೇಕು. ಬೆಳೆ ತೆಗೆದ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ಮಂದೆ ನಿಲ್ಲಿಸಿದರೆ ಸಿಗುವ ಗೊಬ್ಬರವನ್ನು ಯಾವ ಮೂಟೆಯೂ ಕೊಡಲ್ಲ. ಹಿಂದೆ ರೈತರು ಕುರಿಯವರಿಗೆ ಕಾಳು ಅಳೆದು ಕೊಟ್ಟು ಮಂದೆ ಕರೆಸುತ್ತಿದ್ದರು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿದೆ. ಪಂಚಾಯ್ತಿ ಸಭೆಯಲ್ಲಿ ಇದನ್ನು ಹೇಳಿ. ಇಂಥ ಮಾತಿಗೆ ಅಧಿಕಾರಿಗಳು ಕಿವಿ ಕೊಡುತ್ತಾರೆ.

ಕಾನೂನಿನ ಮಾತು ಚುಟುಕಾಗಿ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಲ್ಲಿ 100 ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು. ಮೊದಲು ನಿಮ್ಮ ಊರಿನ ಜಾನುವಾರು ಗಣತಿ ಲೆಕ್ಕ ತೆಗೆದುಕೊಂಡು ತಾಳೆ ನೋಡಿ. ಗೋಮಾಳ ಒತ್ತುವರಿಯಾಗಿದ್ದರೆ 2011ರ ಜಗ್‌ಪಾಲ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ನಿಮ್ಮ ಪರವಾಗಿದೆ. ಊರೊಟ್ಟಿನ ಜಾಗ ತೆರವು ಮಾಡಿಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಜಾಗ ಅರಣ್ಯ ಇಲಾಖೆಯದಾಗಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆ ನೋಡಬೇಕು. ಮೇಯಿಸುವ ಹಕ್ಕು, ಕಾಡನ್ನು ಸಮುದಾಯವೇ ಕಾಯುವ ಹಕ್ಕು ಎರಡೂ ಅದರಲ್ಲಿ ಇವೆ. ಮ್ಯಾಸಬೇಡರು ಸೇರುವ ನಾಯಕ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವುದರಿಂದ ನಿಮಗೆ ದಾಖಲೆಯ ಹೊರೆ ಸ್ವಲ್ಪ ಕಡಿಮೆ. ಆ ಪಟ್ಟಿಯಲ್ಲಿ ಇಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಬಾಳಿದ್ದನ್ನು ತೋರಿಸಬೇಕು. ಅರ್ಜಿ ಗ್ರಾಮಸಭೆಯಿಂದಲೇ ಶುರುವಾಗಬೇಕು. ಒಬ್ಬೊಬ್ಬರೇ ತಾಲ್ಲೂಕು ಕಚೇರಿಗೆ ಅಲೆದು ಫಲವಿಲ್ಲ.

ನೀರಿನ ಮಾತಿಗೆ ಬರೋಣ. ಚಿತ್ರದುರ್ಗದ ಬೆಟ್ಟದ ಮೇಲೆ ಹೋದಾಗ ಒನಕೆ ಓಬವ್ವನ ಕಿಂಡಿ ನೋಡಿ ಬಂದುಬಿಡುತ್ತೇವೆ. ಮುಂದಿನ ಸಲ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡದ ಹತ್ತಿರ ನಿಂತು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ. ಬಂಡೆಯ ಮೇಲೆ ಬಿದ್ದ ಮಳೆ ಹಂತಹಂತವಾಗಿ ಇಳಿದು ಕೆಳಗೆ ಪೇಟೆಯ ಹೊಂಡಗಳ ತನಕ ಬರುವ ಹಾಗೆ ಕಟ್ಟಿದ್ದಾರೆ. ನಮ್ಮ ಕೆರೆಗಳೂ ಹೀಗೇ. ಒಂದರ ಕೋಡಿ ಬಿದ್ದ ನೀರು ಮುಂದಿನ ಕೆರೆಯ ಪಾಲು. ಅದಕ್ಕೇ ಒಂದು ಊರಿನವರು ಕೋಡಿ ಎತ್ತರಿಸಿದರೆ ಕೆಳಗಿನ ಊರಿನವರು ದೊಣ್ಣೆ ಹಿಡಿದು ಬರುತ್ತಿದ್ದರು!

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಮಾತು ನಿಮ್ಮ ಕಡೆ ಮಕ್ಕಳಿಗೂ ಗೊತ್ತು. ಕೆರೆ ಕೆಲಸಕ್ಕೆ ಬಂದವರಿಗೆ ದುಡಿದಷ್ಟೇ ಕೂಲಿ ಸಿಕ್ಕಿತು ಅಂತ ಜನ ಆ ಮಾತಿಗೆ ಕಥೆ ಹೇಳುತ್ತಾರೆ. ನನಗೆ ಆ ಕಥೆಯಲ್ಲಿ ಪವಾಡಕ್ಕಿಂತ ಕೂಲಿಯ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಯಾಕೆಂದರೆ ಎಷ್ಟೋ ಕಡೆ ಕೆರೆಯ ಹೂಳು ಎತ್ತಿದ್ದು ಬಿಟ್ಟಿ ಚಾಕರಿಯಲ್ಲಿ. ಹೂಳು ಹೊತ್ತವರು ಕೇರಿಯ ಜನ, ನೀರು ಹರಿದದ್ದು ಉಳ್ಳವರ ಗದ್ದೆಗೆ. ಕೆರೆಯ ನೀರು ಬಿಡುವ ನೀರುಗಂಟಿಗೆ ಕಣದಲ್ಲಿ ಆಯ (ಕಾಳಿನ ಪಾಲು) ಕೊಡುತ್ತಿದ್ದರು ನಿಜ, ಅವನ ಸ್ವಂತ ಹೊಲಕ್ಕೆ ಎಷ್ಟು ನೀರು ಸಿಗುತ್ತಿತ್ತು ಅಂತ ಕೇಳಿದವರು ಕಡಿಮೆ. ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಆಚೆ ಕೂರಿಸುವುದು ಇವತ್ತೂ ನಿಂತಿಲ್ಲ, ಅದಕ್ಕೂ ಕಟ್ಟುಪಾಡು ಅಂತಲೇ ಅನ್ನುತ್ತಾರೆ. ಹುಲ್ಲು ಕಾಯುವ ಕಟ್ಟುಪಾಡು ಬೇಕು, ಇದು ಬೇಡ. ಸಂಸ್ಥೆಯವರು ಹಿರಿಯರ ಪದ್ಧತಿ ಅಂದಾಗ ಯಾವುದು ಅಂತ ಕೇಳಿ.

ದೊಡ್ಡ ನೀರಾವರಿ ಬರುತ್ತದೆ ಅಂತ ಕಾಯುವವರೂ ಇದ್ದಾರೆ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯಿಂದ ನೀರು ತುಂಬಿಸುವ ಯೋಜನೆ ಬಂತು, ಭದ್ರಾ ಮೇಲ್ದಂಡೆಯೂ ಬರುತ್ತಿದೆ. ಬರಲಿ. ಆದರೆ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರವನ್ನು ನೆನಪಿಡಿ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಒಣ ಸೀಮೆಯ ದೊಡ್ಡ ಪಾತ್ರೆ ತುಂಬೋದು ಅಪರೂಪ. ಗೋಕಟ್ಟೆ ಒಂದೇ ಜೋರು ಮಳೆಗೆ ತುಂಬುತ್ತದೆ. ಈಗಿನ ಮಳೆಯ ಗುಣವೇ ಅದು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಹಾಗಾಗಿ ಬಿದ್ದರೆ ಒಮ್ಮೆಲೇ ಸುರಿಯುತ್ತದೆ, ಆಮೇಲೆ ಮೂರು ವಾರ ಪತ್ತೆ ಇರಲ್ಲ. ಒಂದು ಎಕರೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ನಿಮ್ಮ 9 ಎಕರೆ ಮೇಲೆ ಒಂದೇ ರಾತ್ರಿ 50 ಮಿ.ಮೀ. ಸುರಿದರೆ 18 ಲಕ್ಷ ಲೀಟರ್. ಅದರಲ್ಲಿ ನಿಮ್ಮ ಹೊಲದಲ್ಲಿ ನಿಂತದ್ದು ಎಷ್ಟು, ಹಳ್ಳಕ್ಕೆ ಹೋದದ್ದು ಎಷ್ಟು? ಹವಾಮಾನ ಬದಲಾವಣೆ ನಿಮ್ಮ ಹೊಲದ ಮಟ್ಟಿಗೆ ಈ ಒಂದು ಲೆಕ್ಕದಲ್ಲೇ ಇದೆ.

ಬದುಗಳನ್ನು ಇಳಿಜಾರಿಗೆ ಅಡ್ಡವಾಗಿ ಸರಿಮಾಡಿ, ಉಳುಮೆಯೂ ಬಿತ್ತನೆಯೂ ಅಡ್ಡವೇ ಇರಲಿ. ಈಗ ಟ್ರ್ಯಾಕ್ಟರ್‌ನವರು ತಿರುಗಿಸೋಕೆ ಅನುಕೂಲ ಅಂತ ಉದ್ದಕ್ಕೆ ಹೊಡೆಯುತ್ತಾರೆ, ಅಲ್ಲೇ ಅರ್ಧ ನೀರು ಹೋಯಿತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು (ಕೆರೆಯ ಹೂಳುಮಣ್ಣು) ಹೊಲಕ್ಕೆ ಹೊಡೆಸಿ. ಮಸಾರಿ ನೆಲದಲ್ಲಿ ಮರಳು ಜಾಸ್ತಿ, ಗೋಡಿನಲ್ಲಿ ಜೇಡಿ ಜಾಸ್ತಿ. ಎರಡೂ ಬೆರೆತರೆ ಹದ ಇನ್ನಷ್ಟು ದಿನ ನಿಲ್ಲುತ್ತದೆ. ಹಿರಿಯರು ವರ್ಷಾವರ್ಷ ಗಾಡಿಯಲ್ಲಿ ಹೊಡೆಯುತ್ತಿದ್ದದ್ದು ಇದಕ್ಕೇ, ಕೆರೆಯ ಹೂಳೂ ಅದರಲ್ಲೇ ಖಾಲಿಯಾಗುತ್ತಿತ್ತು. ಒಂದೇ ಸಲಕ್ಕೆ 9 ಎಕರೆಗೂ ಬೇಡ, ವರ್ಷಕ್ಕೆ ಒಂದೆರಡು ಎಕರೆ ಸಾಕು.

ಹದ ನೋಡುವ ಕೈಯನ್ನು ನಿಮ್ಮಪ್ಪನಿಂದ ಕಲಿಯಿರಿ. ಮಳೆಯಾದ ಮಾರನೇ ದಿನ ಹೊಲದ ನಡುವೆ ಒಂದು ಗೇಣು ಆಳಕ್ಕೆ ಬಗೆದು ಮಣ್ಣು ತೆಗೆಯಿರಿ. ಅಂಗೈಯಲ್ಲಿ ಅದುಮಿದರೆ ಉಂಡೆಯಾಗಬೇಕು, ಬೆರಳು ಹಿಸುಕಿದರೆ ಪುಡಿಯಾಗಬೇಕು. ಉಂಡೆ ಕಟ್ಟದಿದ್ದರೆ ಬಿತ್ತಬೇಡಿ, ಮೇಲೆ ಎಷ್ಟೇ ಒದ್ದೆ ಕಂಡರೂ ಸರಿ. ಕೈಗೆ ಅಂಟಿದರೆ ಇನ್ನೊಂದು ದಿನ ಬಿಡಿ. ಬೆಳೆ ಮೇಲೆದ್ದ ಮೇಲೆ ಮಸಾರಿ ನೆಲ ಬಿಸಿಲಿಗೆ ಚಕ್ಕೆ ಕಟ್ಟುತ್ತದೆ. ಆಗ ಸಾಲಿನ ನಡುವೆ ಎಡೆಕುಂಟೆ ಹೊಡೆಯಬೇಕು. ಕಳೆ ಇಲ್ಲದಿದ್ದರೂ ಹೊಡೆಯಬೇಕು, ಯಾಕೆಂದರೆ ಮೇಲಿನ ಎರಡು ಬೆರಳು ಮಣ್ಣು ಪುಡಿಯಾಗಿದ್ದರೆ ಕೆಳಗಿನ ತೇವ ಮೇಲೆ ಏರಿ ಆರಿಹೋಗೋದು ಕಡಿಮೆಯಾಗುತ್ತದೆ. ಈಗ ಕಳೆನಾಶಕ ಬಂದ ಮೇಲೆ ಎಡೆಕುಂಟೆ ಅಟ್ಟ ಸೇರಿದೆ. ಕಳೆ ಸಾಯುತ್ತದೆ, ಆದರೆ ಚಕ್ಕೆ ಒಡೆಯುವವರು ಯಾರು?

ಇನ್ನು ಬೆಳೆ. ಶೇಂಗಾ ಬಿಡಿ ಅಂತ ನಾನು ಹೇಳಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ನಡೆದದ್ದೇ ಅದರಿಂದ, ನಿಮ್ಮ ಮನೆಗೆ ದುಡ್ಡು ಬರುವುದೂ ಅದರಿಂದ. ಆದರೆ 9 ಎಕರೆಗೂ ಒಂದೇ ಬೆಳೆ, ಅದೂ ಒಂದೇ ಮಳೆಗೆ ಬಿತ್ತೋದು ಜೂಜು. ಹಿರಿಯರ ಮಳೆ ನಕ್ಷತ್ರಗಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರಿಂದ ಮಳೆ ಬರುತ್ತೋ ಇಲ್ಲವೋ ಗೊತ್ತಾಗಲ್ಲ. ರೋಹಿಣಿ ಮಳೆಗೆ ಓಣಿ ತುಂಬ ಜೋಳ ಅನ್ನುವ ಗಾದೆ ನಂಬಿ ಕೂತವರು ಎಷ್ಟೋ ವರ್ಷ ಮೋಸ ಹೋಗಿದ್ದಾರೆ. ಆದರೆ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನದ ಗಡುವಿದೆ. ಈ ಗಡುವು ಮೀರಿದರೆ ಈ ಬೆಳೆ ಕೈಬಿಡು, ಮುಂದಿನದಕ್ಕೆ ಹೋಗು ಅನ್ನುವ ತೀರ್ಮಾನ ಅದರಲ್ಲೇ ಅಡಗಿದೆ. ಆರಿದ್ರಾ, ಪುನರ್ವಸು ಹದವಾಗಿ ಬಂದರೆ ಶೇಂಗಾ, ಎಂಟೋ ಹತ್ತೋ ಸಾಲಿಗೊಂದು ತೊಗರಿ ಅಕ್ಕಡಿ (ನಡುಸಾಲಿನ ಬೆಳೆ). ಜುಲೈ ಕಳೆದು ಆಶ್ಲೇಷ ಬಂದರೂ ಹದವಾಗದಿದ್ದರೆ ಶೇಂಗಾ ಬೀಜ ಮಣ್ಣಿಗೆ ಹಾಕಬೇಡಿ. ನವಣೆಯೋ ಸಾವೆಯೋ ಕೊರಲೆಯೋ ಹಾಕಿ, ಮೂರು ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಅದೂ ತಪ್ಪಿದರೆ ಹುಬ್ಬೆ, ಉತ್ತರೆಗೆ ಹುರುಳಿ. ನಮ್ಮ ಸೀಮೆಗೆ ಜಾಸ್ತಿ ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹುರುಳಿಗೆ ಅಷ್ಟು ಸಾಕು, ಹೊಟ್ಟು ಎತ್ತಿಗಾಗುತ್ತದೆ.

ಇದಕ್ಕೆ ಹೊಸದನ್ನೂ ಸೇರಿಸಿಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪನ ಇಟ್ಟಿದ್ದಾರೆ, ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮುನ್ಸೂಚನೆ ಹೇಳುತ್ತಾರೆ. ಯಾವ ದಿನ ಮೋಡ ಬರುತ್ತದೆ ಅಂತ ಅವರನ್ನು ಕೇಳಿ. ಬಂದ ಮಳೆಗೆ ಏನು ಬಿತ್ತಬೇಕು ಅಂತ ನಿಮ್ಮಪ್ಪನನ್ನು ಕೇಳಿ.

ದಾವಣಗೆರೆ ಕಡೆಯ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಮೆಕ್ಕೆಜೋಳ ಊರೂರನ್ನೇ ನುಂಗಿತು. ಜೋಳ, ನವಣೆ, ಅಕ್ಕಡಿ ಎಲ್ಲ ಹೋಗಿ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ. 2018ರಲ್ಲಿ ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಪಕ್ಕದ ಶಿವಮೊಗ್ಗದಲ್ಲಿ ಕಾಣಿಸಿಕೊಂಡಿತು. ನೋಡನೋಡುತ್ತ ಸುತ್ತಲಿನ ಜಿಲ್ಲೆಗಳಿಗೆ ಹಬ್ಬಿತು, ಎತ್ತ ಹೋದರೂ ಅದಕ್ಕೆ ಊಟ ಸಿದ್ಧವಾಗಿತ್ತು. ನಿಮ್ಮ ಕಡೆ ಇನ್ನೂ ಅಲ್ಲಲ್ಲಿ ಸಾವೆ, ನವಣೆ ಬೀಜ ಉಳಿದಿದೆ. ಅವು ಇರುವುದು ಹೆಣ್ಣುಮಕ್ಕಳ ಕೈಯಲ್ಲಿ, ಬೂದಿ ಬೇವಿನ ಸೊಪ್ಪು ಬೆರೆಸಿದ ಮಡಕೆಯಲ್ಲಿ. ಹಟ್ಟಿಯ ಅಜ್ಜಿಯರ ಹತ್ತಿರ ಕೇಳಿ ನೋಡಿ, ಸಭೆಗೆ ಅವರನ್ನು ಕರೆಯುವುದಿಲ್ಲ ಅನ್ನುವುದೇ ಒಂದು ದೊಡ್ಡ ಕೊರತೆ.

ಕೊನೆಗೆ ಬೋರ್. ಕೊರೆಸಬೇಡಿ. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಚಳ್ಳಕೆರೆ ಹಲವು ವರ್ಷಗಳಿಂದ ಇದೆ. ನಮ್ಮದು ಗಟ್ಟಿ ಕಲ್ಲಿನ ಸೀಮೆ, ನೀರು ಇರುವುದು ಬಂಡೆಯ ಬಿರುಕಿನಲ್ಲಿ. ನೀವು ನಾಲ್ಕನೆಯದು ಕೊರೆಸಿದರೆ ಒಂದೋ ದೂಳು ಬರುತ್ತದೆ, ಇಲ್ಲವೋ ನಿಮ್ಮ ಮೊದಲನೆಯ ಬೋರಿನ ನೀರೇ ಇದರಲ್ಲಿ ಬರುತ್ತದೆ. ಪಕ್ಕದವರು ನಿಮಗಿಂತ 200 ಅಡಿ ಆಳಕ್ಕೆ ಹೋದರೆ ಎರಡೂ ಹೋಯಿತು. ನೆಲದಡಿಯ ನೀರಿಗೆ ನಮ್ಮಲ್ಲಿ ಕಟ್ಟುಪಾಡು ಹುಟ್ಟಲೇ ಇಲ್ಲ. ಕಪಿಲೆ ಬಾವಿಯ ಕಾಲದಲ್ಲಿ ಎತ್ತು ಸುಸ್ತಾದರೆ ನೀರೆತ್ತೋದು ತಾನಾಗೇ ನಿಲ್ಲುತ್ತಿತ್ತು. ಮೋಟಾರಿಗೆ ಸುಸ್ತಿಲ್ಲ. ಇದೊಂದರಲ್ಲಿ ಹಿರಿಯರಿಂದ ಕಲಿಯೋಕೆ ಏನೂ ಇಲ್ಲ, ನಿಮ್ಮ ತಲೆಮಾರೇ ಕಟ್ಟುಪಾಡು ಮಾಡಬೇಕು. ಒಂದೇ ದಿಣ್ಣೆಯ ಬೋರುಗಳವರು ಕೂತು ಅಡಿಕೆ, ಬಾಳೆಯಂಥ ಬೆಳೆ ಬೇಡ, ಹಿಂಗಾರಿಗೆ ಇಷ್ಟೇ ಎಕರೆ ಅಂತ ಮಾತಾಡಿಕೊಳ್ಳದಿದ್ದರೆ ಯಾರ ಬೋರೂ ಉಳಿಯಲ್ಲ.

ಬೋರಿಗೆ ಇಟ್ಟ ದುಡ್ಡು ಕೈಯಲ್ಲಿದ್ದರೆ ಮೊದಲು ಬದು ಮತ್ತು ಗೋಡಿಗೆ ಹಾಕಿ, ಉಳಿದದ್ದರಲ್ಲಿ ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿ. ಅದಕ್ಕೆ ಸಹಾಯಧನ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಊರ ಗೋಕಟ್ಟೆಗೆ ನೀರು ಬರುವ ಕಾಲುವೆಯನ್ನು ಉದ್ಯೋಗ ಖಾತ್ರಿಯಲ್ಲಿ ಸೇರಿಸಿ. ಹೂಳೆತ್ತುವುದಕ್ಕಿಂತ ಅದು ಮುಖ್ಯ, ಕಾಲುವೆ ಕಟ್ಟಿಕೊಂಡಿದ್ದರೆ ಎಷ್ಟು ಆಳ ಮಾಡಿದರೂ ಕಟ್ಟೆ ಖಾಲಿಯೇ. ಈ ಕೆಲಸ ಭರಣಿ ಮಳೆಗೆ ಮುಂಚೆ, ಅಂದರೆ ಏಪ್ರಿಲ್‌ನೊಳಗೆ ಮುಗಿಯಬೇಕು. ನವಣೆ, ಸಾವೆ ಬೀಜ ಹಟ್ಟಿಯಲ್ಲಿ ಸಿಗದಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ವಿಚಾರಿಸಿ. ಮೇ ತಿಂಗಳಲ್ಲೇ ಹೋಗಿ, ಜೂನ್ ಕಳೆದ ಮೇಲೆ ಹೋದರೆ ಬೀಜ ಸಿಗೋದು ಕಷ್ಟ.